ಯಾರೂ ಒಯ್ಯದ ಹಾಡುಗಳು

ಉಪ್ಪಿಟ್ಟಿಗೆಂದು ರವೆ ಡಬ್ಬಿಯ ಮುಚ್ಚಳ ತೆಗೆದೆ, ಒಳಗಿನಿಂದ ನನ್ನ ಗಂಡನ ಗಿಟಾರು ಎದ್ದು ಬಂತು. ತಟ್ಟನೆ ಮುಚ್ಚಿದೆ. ಒಲೆಯ ಮೇಲೆ ಬಾಣಲೆ ಕಾದು ಹೊಗೆಯಾಡುತ್ತಿತ್ತು. ಹೊಸ್ತಿಲಾಚೆ ಪಕ್ಕದ ಮನೆಯ ತುಂಗಕ್ಕ ಚಪ್ಪಲಿ ಬಿಡುತ್ತಿದ್ದರು. ಸರಿಯಾಗಿ ಅವರು ಬರುವ ಹೊತ್ತಿಗೇ ಇದು ಏಳಬೇಕಿತ್ತೇ ಎಂದುಕೊಂಡು ಡಬ್ಬಿಯನ್ನು ಎದೆಗವಚಿಕೊಂಡು ನಿಂತೆ. ತಗಡಿನೊಳಗೆ ತಂತಿ ಮಿಡಿಯುವುದು ನನ್ನ ಪಕ್ಕೆಗೆ ತಾಗುತ್ತಲೇ ಇತ್ತು.

"ರವೆ ಡಬ್ಬೀಗೂ ಬಂದುಬಿಡ್ತಾ?" ಎಂದರು ತುಂಗಕ್ಕ, ಅಡುಗೆಮನೆ ಬಾಗಿಲಿಗೆ ಒರಗಿಕೊಂಡು.

"ಮೊನ್ನೆ ಬುಧವಾರದ್ದು ಅಕ್ಕ."

"ಯಾರೂ ಒಯ್ಯಲಿಲ್ವಾ?"

"ಒಯ್ತಾರೆ. ಸ್ವಲ್ಪ ನಿಧಾನ."

"ಹೂಂ, ನಿಧಾನ," ಎಂದು ಅವರು ಸೀದುಹೋಗುತ್ತಿದ್ದ ಬಾಣಲೆಯ ಕೆಳಗೆ ಉರಿ ಆರಿಸಿದರು. "ನಮ್ಮನೆ ಇಡ್ಲಿ ತಟ್ಟೆ ಕೊಟ್ಬಿಡೇ ವಸು. ಅದರೊಳಗೇನಾದ್ರೂ ಸೇರ್ಕೊಂಡಿದ್ರೆ ಕೊಡವಿ ಕೊಡು ಮಾರಾಯ್ತಿ. ಹೋದ ಸಲ ಬೀಗರೆದುರಿಗೆ ಇಡ್ಲಿ ಇಳಿಸ್ತಿದ್ದ ಹಾಗೇ ಶುರುವಾಗಿಬಿಡ್ತು. ನಮ್ಮವರೇನೋ ನಕ್ಕರು, ಅವರು ನಗಲಿಲ್ಲ."

ನಾನು ನಕ್ಕೆ. ಅಂಥ ನಗುವಿನ ಅಭ್ಯಾಸ ನನಗೆ ಆಗಿಹೋಗಿತ್ತು.

ನಮ್ಮೂರಲ್ಲಿ ಬಾರಿಸಿದ ಹಾಡು ಬಾರಿಸಿದ ಜಾಗದಲ್ಲೇ ನಿಂತಿರುತ್ತದೆ. ಕೇಳಿದವರಲ್ಲಿ ಒಬ್ಬರು ಅದನ್ನು ಗುನುಗಿದರೆ ಸಾಕು, ಅವರ ಜೊತೆ ಹೊರಟುಹೋಗುತ್ತದೆ, ಆಮೇಲೆ ಅವರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟುತ್ತ ಊರಿನದಾಗುತ್ತದೆ. ಯಾರೂ ಗುನುಗದಿದ್ದರೆ ಬಾರಿಸಿದವನ ಹಿಂದೆಯೇ ಅವನ ಮನೆಗೆ ಬರುತ್ತದೆ. ಮಾಡಿದವನೇ ಗುನುಗಿಕೊಂಡರೆ ಅದು ಲೆಕ್ಕಕ್ಕಿಲ್ಲ. ಹಾಲುಹಲ್ಲಿನ ಮಕ್ಕಳು ಗುನುಗಿದರೂ ಅಷ್ಟೇ, ಜಾರಿ ಬಿದ್ದುಹೋಗುತ್ತದೆ. ಮನೆಗೆ ಬಂದ ಹಾಡು ಮುಚ್ಚಳವಿರುವ ಯಾವುದಾದರೂ ಪಾತ್ರೆ ಹುಡುಕಿಕೊಂಡು ಒಳಗೆ ಕೂರುತ್ತದೆ. ಹೆಣ್ಣು ಕೊಡುವವರು ಅದಕ್ಕೇ ಗಂಡಿನ ಮನೆಯಲ್ಲಿ ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಇಣುಕುವುದು, ಹಾಡುವವರ ಮನೆಯಾದರೆ.

ನನ್ನ ಗಂಡ ದಿನಕರ ಮೊದಲು 'ಏಳನೇ ಮೈಲಿ'ಯಲ್ಲಿದ್ದರು. ಆ ಬ್ಯಾಂಡಿನ ಹೆಸರು ಕೇಳದವರು ಯಾರಿದ್ದಾರೆ? ಅದರ 'ಕೊನೆಯ ಬಸ್ಸು' ಹಾಡು ಶುರುವಾಗುವಾಗ ಗಿಟಾರಿನಲ್ಲಿ ಒಂದು ತುಣುಕು ಬರುತ್ತದಲ್ಲ, ಹಾಲಿನವನಿಂದ ಹಿಡಿದು ಹೆರಿಗೆ ಆಸ್ಪತ್ರೆಯ ನರ್ಸಮ್ಮನವರೆಗೆ ಎಲ್ಲರೂ ಗುನುಗುವ ಆ ತುಣುಕು, ಅದು ಇವರ ಕೈಯದು. ಜನ ಮಾತ್ರ ಅದನ್ನು ಯೋಗಿಯ ಹಾಡು ಎನ್ನುತ್ತಾರೆ. ಯೋಗಿ ಮುಂದೆ ನಿಂತು ಹಾಡುವವನು, ಉದ್ದ ಕೂದಲಿನವನು. ಇವರು ಪಕ್ಕದಲ್ಲಿ, ಬೆಳಕು ಅರ್ಧ ಬೀಳುವ ಕಡೆ, ತಲೆ ತಗ್ಗಿಸಿ ಬಾರಿಸುತ್ತಿದ್ದರು. ನಮ್ಮ ಮಗಳು ಅವನಿ ನಡೆಯಲು ಕಲಿತ ವರ್ಷ ಬ್ಯಾಂಡು ಬಿಟ್ಟು ಮನೆಗೆ ಬಂದರು. "ನನ್ನ ಕೈಗೆ ಬೇರೆ ಏನೋ ಬರ್ತಿದೆ ವಸು. ಅದಕ್ಕೆ ಡ್ರಮ್ಮು ಹೊಂದಲ್ಲ," ಎಂದರು. ನಾನು ಹೂಂ ಎಂದೆ. ಆಗ ನಾನು ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದೆ.

ಅಲ್ಲಿಂದ ಇವರು ಹಗಲು ಸ್ಪೀಕರ್ ರಿಪೇರಿ ಅಂಗಡಿಯಲ್ಲಿ ಕೂರುತ್ತಾರೆ, ಸಂಜೆ ಹಿಂದಿನ ಕೋಣೆಯಲ್ಲಿ ಗಿಟಾರು ಹಿಡಿಯುತ್ತಾರೆ. ಮಾತಿಲ್ಲದ ಹಾಡುಗಳು. ಬುಧವಾರ ಬಸ್ ನಿಲ್ದಾಣದ ಮಹಡಿಯ ಕ್ಯಾಂಟೀನಿನಲ್ಲಿ ಬಾರಿಸುತ್ತಾರೆ. ಕೇಳಿದವರು ಕೆಟ್ಟವರಲ್ಲ. "ಚೆನ್ನಾಗಿತ್ತು ದಿನಕರಣ್ಣ," ಎನ್ನುತ್ತಾರೆ, ಕೈ ಕುಲುಕುತ್ತಾರೆ, ಬಸ್ಸು ಬಂತೆಂದು ಇಳಿದುಹೋಗುತ್ತಾರೆ. ಮೆಟ್ಟಿಲಿಳಿಯುವಾಗ ಅವರ ಬಾಯಲ್ಲಿ 'ಕೊನೆಯ ಬಸ್ಸು' ಇರುತ್ತದೆ. ಇವರು ಗಿಟಾರಿನ ಚೀಲ ಹೊತ್ತು ನಮ್ಮ ಬೀದಿಯಲ್ಲಿ ಬರುವಾಗ ಅವತ್ತಿನ ಹಾಡು ಹಿಂದೆಯೇ ಬರುತ್ತಿರುತ್ತದೆ, ಸಂತೆಯಲ್ಲಿ ಮಾರಾಟವಾಗದೆ ಮರಳಿದ ಕರುವಿನ ಹಾಗೆ. ಜಗಲಿಯ ಮೇಲೆ ಕೂತವರಿಗೆಲ್ಲ ಗೊತ್ತಾಗುತ್ತದೆ. ಬುಧವಾರ ಸಂಜೆ ನಾನು ಬಾಗಿಲು ತೆರೆಯುವುದು ತಡಮಾಡುವುದಿಲ್ಲ. ಪ್ರೀತಿಗಲ್ಲ. ಬೇಗ ಒಳಗೆ ಬಂದುಬಿಡಲಿ ಎಂದು.

ಮಗಳು ಅವನಿಗೆ ಈಗ ಏಳು ವರ್ಷ. ಮುಂದಿನ ಹಲ್ಲು ಬಿದ್ದು ಕಿಟಕಿಯಾಗಿದೆ. ಅಪ್ಪನ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ದಿನವೂ ಒಂದೊಂದನ್ನು ಗುನುಗಿ ಒಯ್ಯಲು ನೋಡುತ್ತಾಳೆ, ಅದು ಜಾರಿ ಮತ್ತೆ ಡಬ್ಬಿಗೇ ಬೀಳುತ್ತದೆ. ನಾನು ಅವುಗಳನ್ನು ಗುರುತಿಸುವುದು ಪಾತ್ರೆಯಿಂದ. "ಆ ಕುಕ್ಕರಿನದು ಮತ್ತೆ ಎದ್ದಿದೆ ನೋಡು, ಮುಚ್ಚು," ಎಂದರೆ ಅವಳು ತಿದ್ದುತ್ತಾಳೆ. "ಕುಕ್ಕರಿನದಲ್ಲಮ್ಮ, ಅದು 'ಸೇತುವೆ ಕೆಳಗಿನ ನೆರಳು'. ಕಾಫಿ ಫಿಲ್ಟರಿಂದು 'ಅವನಿಗೆ ಜ್ವರ'. ನಂಗೆ ಜ್ವರ ಬಂದಾಗ ಮಾಡಿದ್ದು." ನಾನು, "ಆಯ್ತು ತಾಯಿ, ಮುಚ್ಚಿಡು, ಹಾಲು ಒಡೆದುಹೋಗುತ್ತೆ," ಎನ್ನುತ್ತಿದ್ದೆ.

ರವೆ ಡಬ್ಬಿ ಹಿಡಿದು ನಿಂತ ಆ ಬೆಳಿಗ್ಗೆಯೇ ಯೋಗಿಯ ಫೋನು ಬಂತು. ತುಂಗಕ್ಕ ಇನ್ನೂ ಅಲ್ಲೇ ಇದ್ದರು. ಇವರು ಟವೆಲು ಹೆಗಲ ಮೇಲೆ ಹಾಕಿಕೊಂಡೇ ಅಂಗಳಕ್ಕೆ ಹೋಗಿ ಮಾತಾಡಿ ಬಂದರು. ಮುಂದಿನ ಭಾನುವಾರ ಏಳನೇ ಮೈಲಿಗೆ ಇಪ್ಪತ್ತು ವರ್ಷ ತುಂಬುತ್ತದಂತೆ, ಶುರುವಾದ ಊರಲ್ಲೇ, ಹೈಸ್ಕೂಲ್ ಮೈದಾನದಲ್ಲಿ ಕಾರ್ಯಕ್ರಮವಂತೆ. ಬಂದು 'ಕೊನೆಯ ಬಸ್ಸಿ'ಗೆ ನಿಲ್ಲು ಎಂದು ಯೋಗಿ ಕರೆದಿದ್ದ. ನನ್ನದೂ ಒಂದು ಬಾರಿಸಲು ಬಿಟ್ಟರೆ ಬರುತ್ತೇನೆ ಎಂದು ಇವರು ಹೇಳಿದ್ದರು. ನಾಡಿದ್ದು ಮನೆಗೆ ಬಂದು ಕೇಳಿ ಹೇಳುತ್ತೇನೆ ಎಂದಿದ್ದ ಯೋಗಿ.

"ಇಡೀ ಊರು ಇರುತ್ತೆ ವಸು. ಒಂದೇ ಒಂದು ಹೋದ್ರೆ ಸಾಕು. ಮಿಕ್ಕವು ಅದರ ಬೆನ್ನು ಹಿಡಿದು ಹೋಗ್ತವೆ." ತಲೆ ಒರೆಸಿಕೊಳ್ಳುತ್ತಾ ಹೇಳಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಅಲ್ಲೂ ಯಾರೂ ಒಯ್ಯಲಿಲ್ಲ ಅಂದ್ರೆ ಮುಗೀತು. ಆಮೇಲೆ ನಾನು ಗಿಟಾರು ಮುಟ್ಟಲ್ಲ," ಎಂದರು.

ಒಬ್ಬ ಹೆಂಡತಿ ಆಗ ಹೇಳಬೇಕಾದ ಮಾತು ಏನೋ ಇತ್ತು. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ: ಯೋಗಿ ಮನೆಗೆ ಬರುತ್ತಾನೆ. ಬಂದವನಿಗೆ ಕಾಫಿ ಕೊಡಬೇಕು. ಫಿಲ್ಟರಿನ ಮುಚ್ಚಳ ತೆಗೆಯಬೇಕು.

ಮಾರನೇ ದಿನ ಇವರು ಅಂಗಡಿಗೆ ಹೋದದ್ದೇ ಕೆಲಸಕ್ಕಿಳಿದೆ. ಬಾಯಿ ತೆರೆದ ಪಾತ್ರೆಯನ್ನು ಪಕ್ಕದಲ್ಲಿಟ್ಟು ಡಬ್ಬಿಯ ತಳ ತಟ್ಟಿದರೆ ಹಾಡು ಆಚೆಯಿಂದ ಈಚೆಗೆ ದಾಟುತ್ತದೆ, ಕೂಡಲೇ ಬಟ್ಟೆ ಕಟ್ಟಬೇಕು. ಒಗ್ಗರಣೆ ಡಬ್ಬಿ, ಹಪ್ಪಳದ ಡಬ್ಬಿ, ಅವನಿಯ ಊಟದ ಡಬ್ಬಿ, ಕುಂಕುಮದ ಭರಣಿ, ಎಲ್ಲಿ ನೋಡಿದರೂ ಇದ್ದವು. ನೆಂಟರು ಬಂದಾಗ ಬಳಸುವ ದೊಡ್ಡ ಡಬರಿಗಳಿಗೆ ತುಂಬಿ ತುಂಬಿ ಹಳೇ ಸೀರೆಯ ತುಂಡು ಬಿಗಿದೆ. ತುಂಗಕ್ಕನ ಅಟ್ಟದಲ್ಲಿ ಜಾಗವಿತ್ತು. "ಎರಡು ದಿನ ಅಷ್ಟೇ ಅಕ್ಕ," ಎಂದು ಬೇಡಿಕೊಂಡಿದ್ದೆ. "ಯೋಗಿ ಬಂದಾಗ ನನ್ನನ್ನೂ ಕರೀಬೇಕು, ಹಂಗಾದ್ರೆ ಇಡು," ಎಂದಿದ್ದರು.

ಸ್ಕೂಲಿಗೆ ರಜೆಯಿದ್ದ ಅವನಿ ಸಣ್ಣ ಪಾತ್ರೆಗಳನ್ನು ಹೊತ್ತು ನನ್ನ ಹಿಂದೆ ಓಡಾಡಿದಳು.

"ಇವನ್ನೆಲ್ಲಾ ಯಾಕಮ್ಮ ಅಲ್ಲಿಗೆ?"

"ಮನೆ ಗುಡಿಸೋಕೆ. ಅಪ್ಪನಿಗೆ ಹೇಳ್ಬೇಡ, ಜಾಣೆ."

ಅವಳು ಇನ್ನೇನೋ ಕೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿಕೊಂಡಳು.

ಆ ರಾತ್ರಿಯೂ ಮರುದಿನವೂ ಇವರು ಹಿಂದಿನ ಕೋಣೆಯಲ್ಲಿ ಅಭ್ಯಾಸದಲ್ಲೇ ಮುಳುಗಿದ್ದರು, ಏನೂ ಗಮನಿಸಲಿಲ್ಲ. ಯೋಗಿ ಬಂದ. ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ಚಪ್ಪಲಿ ಬಿಟ್ಟು, ನನ್ನ ಕೈಗೆ ಹಣ್ಣು ಕೊಟ್ಟು, ಅವನಿಯ ಕೆನ್ನೆ ಹಿಂಡಿ, ಏನೋ ತಮಾಷೆ ಮಾಡುತ್ತಾ ನಡುಮನೆಗೆ ಬಂದವನು ಮಾತು ನಿಲ್ಲಿಸಿ ಕಿವಿಗೊಟ್ಟು ನಿಂತ. ಮನೆ ತಣ್ಣಗಿತ್ತು. ಗೋಡೆ ಗಡಿಯಾರದ ಸದ್ದು ಅಷ್ಟು ಜೋರಾಗಿದೆ ಎಂದು ನನಗೇ ಅವತ್ತು ಗೊತ್ತಾದದ್ದು. ಎರಡೇ ಕ್ಷಣ, ಅವನ ಕಣ್ಣು ಅಗಲವಾದವು.

"ಏನೋ ದಿನೂ ಇದು! ಒಂದೂ ಇಲ್ವಲ್ಲೋ! ಊರಲ್ಲಿ ಏನೇನೋ ಹೇಳಿದ್ರು ನಂಗೆ, ಅವನ ಮನೇಲಿ ಉಪ್ಪಿನ ಭರಣಿ ತೆಗೆಯೋ ಹಾಗಿಲ್ಲ ಅಂತ. ಎಲ್ಲಾ ಹೋಗಿದಾವಲ್ಲೋ! ನನ್ನ ಮನೇಲೇ ಎರಡು ಮೂರು ಕೂತಿವೆ ಮಾರಾಯ, ಹೆಂಡ್ತಿ ದಿನಾ ಬೈತಾಳೆ."

ನಾನು ಅಂದುಕೊಂಡಿದ್ದದ್ದು ಇಷ್ಟೇ: ಅವನು ಬರಲಿ, ಏನೂ ಕೇಳಿಸದಿರಲಿ, ಹೋಗಲಿ. ಖಾಲಿ ಮನೆಗೆ ನಮ್ಮೂರಲ್ಲಿ ಒಂದೇ ಅರ್ಥ ಎಂಬುದು, ಇಷ್ಟು ವರ್ಷ ಈ ಊರಲ್ಲೇ ಬಾಳಿದ ನನಗೆ ಹೊಳೆದಿರಲಿಲ್ಲ. ಇವರು ಸುತ್ತ ನೋಡಿದರು. ಗೂಡಿನಲ್ಲಿದ್ದ ಡಬ್ಬಿ ತೆಗೆದು ಕಿವಿಯ ಹತ್ತಿರ ಹಿಡಿದರು. ಅಡುಗೆಮನೆಗೆ ಹೋಗಿ ಫಿಲ್ಟರಿನ ಮುಚ್ಚಳ ಎತ್ತಿದರು. ನನ್ನ ಕಡೆ ತಿರುಗಿದಾಗ ಆ ಮುಖವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

"ವಸು? ಯಾವಾಗ ಹೋದ್ವು?"

ಈಗಲಾದರೂ ಹೇಳಬಹುದಿತ್ತು. ಯೋಗಿ ನಗುತ್ತಾ ನಿಂತಿದ್ದ, ತುಂಗಕ್ಕ ಬಾಗಿಲಲ್ಲಿದ್ದರು, ಕೈಯಲ್ಲಿ ಕಾಫಿ ಲೋಟವಿತ್ತು. "ಈ ವಾರ. ಒಂದೊಂದೇ. ಯಾರೋ ದಾರೀಲಿ ಹೋಗೋರು ನಿಂತು ಕೇಳಿ... ನಿಮಗೆ ಹೇಳೋಣ ಅಂತಿದ್ದೆ," ಎಂದೆ. ತುಂಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಅವನಿ ನನ್ನನ್ನೇ ನೋಡುತ್ತಿದ್ದಳು.

"ಹಂಗಾದ್ರೆ ಕೇಳೋದೇನಿದೆ?" ಯೋಗಿ ಇವರ ಬೆನ್ನಿಗೆ ಗುದ್ದಿದ. "ನಿಂದು ಒಂದು ಬಾರಿಸು. ಮಧ್ಯದಲ್ಲಿ ಕೈ ಬಿಡು ಬೇಕಾದ್ರೆ. ನಾನು 'ಬಸ್ಸಿ'ಗೆ ಬಿಡ್ತೀನಲ್ಲ, ಹಾಗೇ."

ಕೈ ಬಿಡುವುದು ಎಂದರೆ ಗೆದ್ದ ಹಾಡಿನ ಪದ್ಧತಿ. ಬಾರಿಸುವವನು ಅರ್ಧಕ್ಕೆ ನಿಲ್ಲಿಸಿ ಕೈ ಮೇಲೆತ್ತುತ್ತಾನೆ, ಆ ಹಾಡನ್ನು ಒಯ್ದಿದ್ದ ಜನ ಮಿಕ್ಕರ್ಧ ತುಂಬಿಕೊಡುತ್ತಾರೆ.

ಆ ನಡುವಿನ ದಿನಗಳಲ್ಲಿ ಇವರು ಗಡ್ಡ ತೆಗೆದರು. ಅಂಗಡಿಯಿಂದ ಸುತ್ತು ಹಾದಿ ಹಿಡಿದು, ಕಿಟಕಿ ಕಿಟಕಿಗೆ ಕಿವಿಗೊಡುತ್ತಾ ಬರುತ್ತಿದ್ದರು. "ಅಂಚೆ ಕಚೇರಿ ಬೀದೀಲಿ ಯಾರೋ 'ನೆರಳು' ಗುನುಗ್ತಿದ್ದ ಹಾಗಿತ್ತು ವಸು. ಹತ್ತಿರ ಹೋದ್ರೆ ಮಿಕ್ಸಿ!" ಎಂದು ತಾವೇ ನಕ್ಕರು. ತಟ್ಟೆಗೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಸಂಜೆ ಹೊಸದೊಂದು ಕಟ್ಟಿದರು, ಅದು ಬಂದು ಹಿಟ್ಟಿನ ಡಬ್ಬಿ ಸೇರಿತು, ಮರುದಿನ ಅದನ್ನೂ ಅಟ್ಟಕ್ಕೆ ಸಾಗಿಸಿದೆ. ಇವರು ಬಂದು ನೋಡಿ, "ಇದೂ ಹೋಯ್ತಾ? ಒಂದೇ ದಿನಕ್ಕೆ?" ಎಂದು ಪಿಸುಗುಟ್ಟಿದರು. ನಾನು ಹಿಟ್ಟು ನಾದುತ್ತಲೇ ಇದ್ದೆ. ನಾದುವಾಗ ಬಾಯಲ್ಲಿ ಏನೋ ಗುನುಗುವುದು ನನಗೆ ರೂಢಿ. ಅವನಿ ಅಡುಗೆಮನೆಯ ಮಣೆಯ ಮೇಲೆ ಕೂತು ನೋಡುತ್ತಿದ್ದಳು. "ಅಮ್ಮಾ," ಎಂದಳು. "ಏನು?" ಎಂದೆ. "ಏನಿಲ್ಲ."

ಅವಳೊಳಗೆ ಒಂದು ಪ್ರಶ್ನೆ ಬೆಳೆಯುತ್ತಿರುವುದು ನನಗೆ ಕಾಣುತ್ತಿತ್ತು. ತಲೆ ಬಾಚುವಾಗ, ಬೂಟಿನ ದಾರ ಕಟ್ಟುವಾಗ, ಅವಳು ಬಾಯಿ ತೆರೆದು ಮುಚ್ಚುತ್ತಿದ್ದಳು. ಅಪ್ಪನಿಗೆ ಸುಳ್ಳು ಯಾಕೆ ಹೇಳಿದೆ ಎಂದು ಕೇಳುತ್ತಾಳೆ, ಇನ್ನೇನು? ಅದಕ್ಕೆ ನಾನು ಉತ್ತರ ಕಟ್ಟಿಟ್ಟುಕೊಂಡಿದ್ದೆ. ಅಪ್ಪನಿಗೆ ನೋವಾಗಬಾರದು ಅಂತ ಪುಟ್ಟಿ, ಕೆಲವು ಸಲ ದೊಡ್ಡವರು ಹಾಗೆ ಮಾಡಬೇಕಾಗುತ್ತೆ. ಪಾತ್ರೆ ತಿಕ್ಕುತ್ತಾ ಆ ಉತ್ತರವನ್ನು ಎಷ್ಟೋ ಸಲ ಹೇಳಿಕೊಂಡೆ. ಪ್ರತಿಸಲವೂ ಅದು ಸ್ವಲ್ಪ ಚೆನ್ನಾಗಿಯೇ ಕೇಳಿಸುತ್ತಿತ್ತು.

ಭಾನುವಾರ ನಾಲ್ಕು ಗಂಟೆಗೆಲ್ಲ ಮೈದಾನ ತುಂಬಿತ್ತು. ಗೋಡೆಯ ಮೇಲೆ, ಮರದ ಮೇಲೆ ಜನ. ನಮಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ತುಂಗಕ್ಕ ಹೊಸ ಸೀರೆ ಉಟ್ಟು ಬಂದಿದ್ದರು. ಏಳನೇ ಮೈಲಿಯವರು ಬಾರಿಸಿದರು, ಯೋಗಿ ಎರಡು ಸಲ ಕೈ ಬಿಟ್ಟ, ಎರಡು ಸಲವೂ ಮೈದಾನವೇ ಹಾಡಿತು. ಆಮೇಲೆ ಅವನು ಇವರನ್ನು ಕೈ ಹಿಡಿದು ನಡುವಿಗೆ, ಪೂರ್ತಿ ಬೆಳಕಿಗೆ ಎಳೆದು ತಂದ. "ನಮ್ಮ ದಿನೂ. ಇವನ ಹಾಡು ನಿಮ್ಮ ಮನೇಲೇ ಇದಾವಂತೆ. ಇವತ್ತು ವಾಪಸ್ ಕೊಡಿ!" ಎಂದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಪ್ಪಾಳೆ ತಟ್ಟಿದರು.

ಇವರು ಬಾರಿಸಿದ್ದು 'ಸೇತುವೆ ಕೆಳಗಿನ ನೆರಳು'. ಅವನಿ ಹೇಳಿದಳು, ನನಗೆ ಗುರುತು ಸಿಗಲಿಲ್ಲ. ಕುಕ್ಕರಿನ ಹೊರಗೆ ಅದನ್ನು ನಾನು ಕೇಳಿದ್ದೇ ಇಲ್ಲ. ನೀರು ಹತ್ತಿರ ಬಂದು ಮತ್ತೆ ದೂರ ಹೋಗುವ ಹಾಗೆ ಇತ್ತು. ಇವರು ತಲೆ ಎತ್ತಿ ಬಾರಿಸುತ್ತಿದ್ದರು, ಕಣ್ಣು ಜನರ ಮೇಲೆ. ಅರ್ಧ ಬಂತು. ನಗುತ್ತಾ ತಂತಿಯಿಂದ ಕೈ ತೆಗೆದು ಮೇಲೆತ್ತಿದರು.

ಮೈದಾನ ಸುಮ್ಮನಿತ್ತು.

ಯಾರೋ ಕೆಮ್ಮಿದರು. ಕಡಲೆಕಾಯಿಯವನು ಬುಟ್ಟಿ ಕೆಳಗಿಟ್ಟ. ಇವರ ಕೈ ಇನ್ನೂ ಮೇಲೆಯೇ ಇತ್ತು, ನಗು ಇನ್ನೂ ಮುಖದಲ್ಲಿತ್ತು, ಎಲ್ಲಿಡಬೇಕೆಂದು ತಿಳಿಯದ ಹಾಗೆ. ಆಗ ನನ್ನ ಪಕ್ಕದಲ್ಲಿ ಸಣ್ಣಗೆ ಶುರುವಾಯಿತು. ಅವನಿ ಎದ್ದು ನಿಂತು ಗುನುಗುತ್ತಿದ್ದಳು. ಹಲ್ಲಿನ ಸಂದಿಯಲ್ಲಿ ಗಾಳಿ ಸೋರಿ ಹಾಡು ಅಲ್ಲಲ್ಲಿ ಬೀಳುತ್ತಿತ್ತು, ಅವಳು ಮತ್ತೆ ಎತ್ತಿಕೊಳ್ಳುತ್ತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಲೆಗಳು ನಮ್ಮ ಕಡೆ ತಿರುಗಿದವು. "ಶ್, ಕೂತ್ಕೋ," ಎಂದು ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡು ಅಂಗೈಯಿಂದ ಬಾಯಿ ಮುಚ್ಚಿಬಿಟ್ಟೆ.

ವೇದಿಕೆಯ ಮೇಲಿಂದ ಇವರು ಅದನ್ನು ನೋಡಿದರು. ನಾನು ನೋಡಿದೆ ಅವರು ನೋಡಿದ್ದನ್ನು.

ಯೋಗಿ ಡ್ರಮ್ಮಿನವನಿಗೆ ಕಣ್ಸನ್ನೆ ಮಾಡಿದ, 'ಕೊನೆಯ ಬಸ್ಸು' ಎದ್ದಿತು. ಇವರು ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ, ಆ ಹಳೆಯ ತುಣುಕನ್ನು ಒಂದು ಸ್ವರವೂ ತಪ್ಪದೆ ಬಾರಿಸಿದರು. ಮೈದಾನಕ್ಕೆ ಮೈದಾನವೇ ಎದ್ದು ನಿಂತು ಕುಣಿಯಿತು.

ಎಲ್ಲ ಮುಗಿದ ಮೇಲೆ ವೇದಿಕೆಯ ಹಿಂದೆ ಹೋದೆ. ಇವರು ಮಂಡಿಯೂರಿ ಕೂತು ವೈರು ಸುತ್ತುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಎಲ್ಲಿಟ್ಟಿದ್ದೀಯ?"

"ತುಂಗಕ್ಕನ ಅಟ್ಟದಲ್ಲಿ."

"ಮುಚ್ಚಳ ತೆಗೆದಿಟ್ಟಿದ್ದೀಯ ತಾನೆ? ಅವಕ್ಕೆ ಗಾಳಿ ಬೇಕು."

"ಬಟ್ಟೆ ಕಟ್ಟಿಟ್ಟಿದ್ದೀನಿ."

ಹೂಂ ಎಂದರು. ವೈರಿನ ಸುತ್ತು ಚೀಲಕ್ಕೆ ಹಾಕಿದರು, ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಎರಡೂ ಚಿಲಕ ಹಾಕಿದರು. "ತಂದುಬಿಡು ವಸು. ಪಾಪ, ಅವರ ಮನೆ ಯಾಕೆ ತುಂಬಬೇಕು? ಇನ್ನು ಹೊಸದು ಬರಲ್ಲ." ಬೈಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತು ಆಡಿ ಹಗುರಾಗುತ್ತಿದ್ದೆ.

ಬಿಸಿಲು ಇನ್ನೂ ಇಳಿದಿರಲಿಲ್ಲ. ಅವನಿಯ ಕೈ ಹಿಡಿದು ನೇರ ತುಂಗಕ್ಕನ ಮನೆಗೆ ಹೋದೆ. ಅವರು ಹೊಸ ಸೀರೆಯನ್ನು ಮೇಲೆತ್ತಿ ಸಿಕ್ಕಿಸಿಕೊಂಡು ತಾವೇ ಅಟ್ಟ ಹತ್ತಿ ಡಬರಿಗಳನ್ನು ಒಂದೊಂದಾಗಿ ಇಳಿಸಿಕೊಟ್ಟರು. ಇವತ್ತು ಚುಚ್ಚು ಮಾತಿಲ್ಲ.

"ವಾರವೆಲ್ಲಾ ತಲೆ ಮೇಲೆ ಮಿಡೀತಾನೇ ಇದ್ವು ಕಣೇ," ಎಂದರು. "ಒಂದಂತೂ ಬಲು ಚೆನ್ನಾಗಿತ್ತು. ಏಳೋ ಹೊತ್ತಿಗೆ ಬಾಯಿ ತುದೀಲಿ ಇರ್ತಿತ್ತು, ಹಲ್ಲುಜ್ಜೋ ಹೊತ್ತಿಗೆ ಮರೆತುಹೋಗ್ತಿತ್ತು. ನಾನೂ ಅಷ್ಟು ಕಷ್ಟಪಡಲಿಲ್ಲ ಬಿಡು. ನಿಮ್ಮನೇದು, ನೀವು ನೋಡ್ಕೋತೀರಿ ಅಂತ."

ನಾನು ಬೀದಿಯಲ್ಲಿ ನಿಂತೇ ಬಟ್ಟೆಗಳನ್ನು ಬಿಚ್ಚಿದೆ. ಗಾಳಿ ಬೇಕೆಂದಿದ್ದರಲ್ಲ. ಒಂದಾದ ಮೇಲೊಂದು ಎದ್ದವು. ಮೈದಾನದಿಂದ ಮರಳುತ್ತಿದ್ದ ಜನ ನೋಡಿ ಕಣ್ಣು ತಗ್ಗಿಸಿ ಬೇಗ ಬೇಗ ದಾಟಿಹೋದರು. ದೊಡ್ಡ ಡಬರಿಯನ್ನು ಸೊಂಟಕ್ಕಿಟ್ಟುಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಹೊರಟೆ. ಅವನಿ ಒಂದು ಸಣ್ಣ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕಬಾರದೆನ್ನುವ ಹಾಗೆ ಹೆಜ್ಜೆಯಿಡುತ್ತಾ ನನ್ನ ಪಕ್ಕದಲ್ಲಿ ಬಂದಳು. ಅವಳ ಕೆನ್ನೆಯ ಮೇಲೆ ನನ್ನ ಬೆರಳಿನ ಗುರುತು ಇನ್ನೂ ತಿಳಿಗೆಂಪಾಗಿ ಇತ್ತು. ಎರಡು ಮೂರು ಸಲ ಹೋಗಿ ಬಂದೆವು. ಕೊನೆಯ ಸಲ ನಮ್ಮ ಗೇಟಿನ ಹತ್ತಿರ ಅವಳು ನಿಂತುಬಿಟ್ಟಳು. ಒಳಗಿನಿಂದ ಸದ್ದೇನೂ ಇರಲಿಲ್ಲ.

"ಅಮ್ಮಾ."

ಬಂತು ಎಂದುಕೊಂಡೆ. ಡಬರಿಯನ್ನು ಕೆಳಗಿಟ್ಟು ಅವಳೆದುರು ಕುಕ್ಕರುಗಾಲಲ್ಲಿ ಕೂತು, ಕಟ್ಟಿಟ್ಟಿದ್ದ ಉತ್ತರವನ್ನು ನಾಲಿಗೆಯ ತುದಿಗೆ ತಂದುಕೊಂಡೆ. ಅಪ್ಪನಿಗೆ ನೋವಾಗಬಾರದು ಅಂತ ಪುಟ್ಟಿ.

"ಕೇಳು, ಪರವಾಗಿಲ್ಲ," ಎಂದೆ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಿಡಿಸಲಾರದ ಲೆಕ್ಕವನ್ನು ನನ್ನ ಹತ್ತಿರ ತರುವಾಗ ಇರುವ ದನಿಯೇ.

"ಇಷ್ಟೆಲ್ಲಾ ಹೊತ್ತುಕೊಂಡು ಹೋಗೋ ಬದಲು, ನೀನೇ ಒಂದನ್ನ ಗುನುಗಬಹುದಿತ್ತಲ್ವಾ? ಯಾಕಮ್ಮ ಗುನುಗಲಿಲ್ಲ?"